ಜನರಲ್ ತಿಮ್ಮಯ್ಯ ಯುದ್ಧಭೂಮಿಯಲ್ಲಿ ಮಾಡಿದ್ದೇನು?

ಬೆಂಗಳೂರಿನ ಯಾವುದೋ ರಸ್ತೆಯ ಹೆಸರಾಗಿ ಮಾತ್ರ ಪರಿಚಯವಿರುವ ತಿಮ್ಮಯ್ಯನವರು ಯಾಕೆ ಅಷ್ಟು ದೊಡ್ಡವರು ಅಂತ ಕೇಳಿದ್ದೀರಿ. ಒಂದೇ ಉತ್ತರ ಸಾಕು ಅಂದರೆ: ಜೋಜಿ ಲಾ.

1948ರ ಕಾಶ್ಮೀರ ಯುದ್ಧದಲ್ಲಿ ಪಾಕಿಸ್ತಾನದ ಕಡೆಯ ಪಡೆಗಳು ಜೋಜಿ ಲಾ ಎಂಬ ಈ ಕಣಿವೆದಾರಿಯನ್ನು ಹಿಡಿದು ಕೂತಿದ್ದರಿಂದ ಶ್ರೀನಗರದಿಂದ ಲೇಹ್‌ಗೆ ಹೋಗುವ ರಸ್ತೆ ಬಂದ್ ಆಗಿತ್ತು. ಕಾಲಾಳುಗಳ ದಾಳಿ ಫಲ ಕೊಡಲಿಲ್ಲ. ಸುಮಾರು 11,500 ಅಡಿ ಎತ್ತರಕ್ಕೆ ಟ್ಯಾಂಕ್ ಹತ್ತಿಸುವುದು ಎಂದರೆ ಆಗ ಹುಚ್ಚುತನವೇ. ತಿಮ್ಮಯ್ಯ ಅದನ್ನೇ ಮಾಡಿಸಿದರು. ಸ್ಟುವರ್ಟ್ ಎಂಬ ಹಗುರ ಟ್ಯಾಂಕ್‌ಗಳ ಮೇಲಿನ ಫಿರಂಗಿ ಗೋಪುರ ಬಿಚ್ಚಿ, ಗುಟ್ಟಾಗಿ ಸಾಗಿಸಿದರು. ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಹೇಸರಗತ್ತೆ ಓಡಾಡುವ ದಾರಿಯನ್ನು ಅಗಲ ಮಾಡಿತು. ನವೆಂಬರ್ 1ರಂದು ಟ್ಯಾಂಕ್‌ಗಳು ಮೇಲೇರಿದಾಗ ಎದುರಾಳಿಗಳು ಕಕ್ಕಾಬಿಕ್ಕಿ. ಸಾವಿರಾರು ಸೈನಿಕರ ಡಿವಿಷನ್‌ಗೆ ಕಮಾಂಡರ್ ಆಗಿದ್ದ ತಿಮ್ಮಯ್ಯನವರೇ ಮುಂಚೂಣಿಯ ಟ್ಯಾಂಕ್‌ನಲ್ಲಿದ್ದರು!

ಉಳಿದದ್ದು ಚುಟುಕಾಗಿ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟು, 1926ರಲ್ಲಿ ಬ್ರಿಟನ್ನಿನ ಸೇನಾ ತರಬೇತಿ ಕಾಲೇಜು ಸ್ಯಾಂಡ್‌ಹರ್ಸ್ಟ್ ಮುಗಿಸಿ ಸೇನೆಗೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್‌ನಲ್ಲಿ ಜಪಾನೀಯರ ವಿರುದ್ಧ ಹೋರಾಡಿ ಬ್ರಿಟಿಷ್ ಸೇನಾ ಗೌರವವಾದ ಡಿಎಸ್‌ಒ (ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್) ಪದಕ. ಯುದ್ಧದಲ್ಲಿ ಬ್ರಿಗೇಡ್ ನಡೆಸಿದ ಮೊದಲ ಭಾರತೀಯ ಅಂತಲೂ ಹೆಸರು. 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ಜಟಿಲ ಪ್ರಶ್ನೆ ನೋಡಿಕೊಂಡ ಆಯೋಗಕ್ಕೆ ಅಧ್ಯಕ್ಷರು.

1957ರಿಂದ 1961ರವರೆಗೆ ಸೇನಾ ಮುಖ್ಯಸ್ಥ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಸಂಬಂಧ ಹಳಸಿ 1959ರಲ್ಲಿ ರಾಜೀನಾಮೆ ಕೊಟ್ಟರು, ನೆಹರೂ ಮಾತಿಗೆ ವಾಪಸ್ ತೆಗೆದುಕೊಂಡರು. ನನ್ನ ಮಟ್ಟಿಗೆ ಅದು ಅವರ ಪಟ್ಟು ಸಡಿಲಿದ ಏಕೈಕ ಸಂದರ್ಭ. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ, 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಮಡಿಕೇರಿಯ ಅವರ ಮನೆ 'ಸನ್ನಿಸೈಡ್' ಈಗ ಮ್ಯೂಸಿಯಂ.