ಬೊಮ್ಮಸಂದ್ರಕ್ಕೆ ಮೆಟ್ರೋ ಬಂದಿದೆ, ಅದನ್ನ ನಂಬಿ ಹೊಸೂರಲ್ಲಿ ಸೈಟ್ ತಗೊಳ್ಳಬಹುದಾ?

ಸೈಟ್ ಬೇಕಿದ್ರೆ ತಗೊಳ್ಳಿ, ಮೆಟ್ರೋ ನಂಬಿ ಮಾತ್ರ ಬೇಡ. ನಮ್ಮ ಮನೆ ಹೊಸೂರಿನ ಬಾಗಲೂರು ರಸ್ತೇಲಿ, ಕೆಲಸ ಜಯನಗರದಲ್ಲಿ. ದಿನಾ ಓಡಾಡೋನ ಲೆಕ್ಕ ಇದು.

ಹಳದಿ ಮಾರ್ಗ ಉದ್ಘಾಟನೆಯಾಗಿದ್ದು 2025ರ ಆಗಸ್ಟ್ 10ಕ್ಕೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿ.ಮೀ., 16 ನಿಲ್ದಾಣ. ಮೊದಮೊದಲು ಮೂರೇ ರೈಲು, 25 ನಿಮಿಷಕ್ಕೊಂದು. ಒಂದು ತಪ್ಪಿದ್ರೆ ಬಸ್ಸೇ ವಾಸಿ ಅನ್ನಿಸ್ತಿತ್ತು. ರೈಲು ಹೆಚ್ಚಾದ ಮೇಲೆ ನಾನೂ ಅತ್ತ ವಾಲಿದೆ. ಮುಂಚೆ ಬಸ್ಸು ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲೆ ಜುಂಯ್ ಅಂತ ಹೋಗಿ, ಇಳಿದು ಸಿಲ್ಕ್ ಬೋರ್ಡಲ್ಲಿ ಸಿಕ್ಕಿಹಾಕ್ಕೊಳ್ತಿತ್ತು. ಈಗ ಫ್ಲೈಓವರ್‌ಗೂ ಮುಂಚೆ, ಬೊಮ್ಮಸಂದ್ರದಲ್ಲೇ ಕಂಡಕ್ಟರು 'ಮೆಟ್ರೋ, ಮೆಟ್ರೋ' ಅಂತ ಸೀಟಿಗೆ ತಟ್ಟುತ್ತಾರೆ, ಅರ್ಧ ಬಸ್ಸು ಖಾಲಿ. (ತಮಿಳು, ತೆಲುಗು, ಕನ್ನಡ ಮೂರಕ್ಕೂ ಆ ಒಂದೇ ಪದ ಸಾಕು ನೋಡಿ.)

ಆದ್ರೆ ಬೊಮ್ಮಸಂದ್ರ ಮುಟ್ಟೋದೇ ಕಷ್ಟ. ಜೂಜುವಾಡಿ, ಅತ್ತಿಬೆಲೆ, ಚಂದಾಪುರ, ಈ ದಾರಿಗೆ ಮೆಟ್ರೋ ಏನೂ ಮಾಡಿಲ್ಲ. ಚಂದಾಪುರ ಸರ್ಕಲ್‌ನಲ್ಲಿ ಮಳೆ ಬಿದ್ದ ದಿನ ನಾನು ಬಸ್ಸಲ್ಲೇ ಒಂದು ನಿದ್ದೆ ಮುಗಿಸಿದ್ದೀನಿ. ಬೊಮ್ಮಸಂದ್ರದಲ್ಲಿ ಬಾಡಿಗೆಗಿದ್ದ ನಮ್ಮ ಆಫೀಸಿನವನೊಬ್ಬ, ಓನರ್ ಬಾಡಿಗೆ ಏರಿಸಿದ್ರು ಅಂತ ಅತ್ತಿಬೆಲೆಗೆ ಮನೆ ಬದಲಾಯಿಸಿದ. ರೈಲು ಮನೆಬಾಗಿಲಿಗೆ ಬಂತು, ಅವನು ಮತ್ತೆ ಬಸ್ಸು ಹತ್ತಿದ.

ಮೊನ್ನೆ ಅತ್ತೆ ಮಗ ಒಂದು ಲೇಔಟ್‌ನ ಬ್ರೋಶರ್ ತಂದಿದ್ದ. 'ಮೆಟ್ರೋ ಕೂಗಳತೆ ದೂರ' ಅಂತೆ. ಮ್ಯಾಪಲ್ಲಿ ಹೊಸೂರುವರೆಗೂ ಹಳದಿ ಗೆರೆ, ಪಕ್ಕದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಪ್ರಸ್ತಾವಿತ'. ಹೊಸೂರು ಇರೋದು ತಮಿಳುನಾಡಲ್ಲಿ, ಎರಡು ರಾಜ್ಯ ಒಪ್ಪಬೇಕು ಅನ್ನೋದು ಒಂದು ಕಡೆ. ಕರೆಂಟಿನದೇ ಇನ್ನೊಂದು ತಕರಾರು. ಬೆಂಗಳೂರು ಮೆಟ್ರೋ ಓಡೋದು ಪಕ್ಕದ ಮೂರನೇ ಹಳಿಯ 750 ವೋಲ್ಟ್ ಡಿ.ಸಿ.ಯಲ್ಲಿ, ಚೆನ್ನೈ ಮೆಟ್ರೋ ಮೇಲಿನ ತಂತಿಯ 25,000 ವೋಲ್ಟ್ ಎ.ಸಿ.ಯಲ್ಲಿ. ಹೊಸೂರು ಮಾರ್ಗಕ್ಕೆ ಚೆನ್ನೈ ಪದ್ಧತಿ ಹಿಡಿದ್ರೆ, ಕಟ್ಟಿದ ಮೇಲೂ ಬೊಮ್ಮಸಂದ್ರದಲ್ಲಿ ಇಳಿದು ಬೇರೆ ರೈಲು ಹತ್ತಬೇಕು.

ನಾನಾಗಿದ್ರೆ ಹೊಸೂರು ರೈಲ್ವೆ ಸ್ಟೇಷನ್‌ಗೆ ನಡೆದು ಹೋಗೋ ಕಡೆ ನೋಡ್ತಿದ್ದೆ. ಬೆಂಗಳೂರು–ಸೇಲಂ ಲೈನ್ ಇವತ್ತು ಇರೋದು, ಬ್ರೋಶರಲ್ಲಿ ಬರೆದಿದ್ದಲ್ಲ. ಸೈಟ್ ತೋರಿಸೋಕೆ ಅವರು ಭಾನುವಾರ ಕಾರಲ್ಲಿ ಕರ್ಕೊಂಡು ಹೋಗ್ತಾರೆ. ನೀವು ಸೋಮವಾರ ಬೆಳಿಗ್ಗೆ ಎಂಟಕ್ಕೆ ಅಲ್ಲಿಂದ ಬಸ್ಸು ಹತ್ತಿ, ಬೊಮ್ಮಸಂದ್ರದಲ್ಲಿ ಇಳಿದಾಗ ಗಡಿಯಾರ ನೋಡ್ಕೊಳ್ಳಿ. ಅಡ್ವಾನ್ಸ್ ಆಮೇಲೆ ಕೊಡಿ.