ಬೆರ್ಲಾಖ್ ಮಾಡಿದ್ದು ನ್ಯಾಯವಾ?

ಸ್ವಿಸ್ ಲೇಖಕ ಡ್ಯೂರೆನ್‌ಮಾಟ್ ಅವರ ಪತ್ತೇದಾರಿ ಕಾದಂಬರಿ 'ದ ಜಡ್ಜ್ ಅಂಡ್ ಹಿಸ್ ಹ್ಯಾಂಗ್‌ಮನ್' ಓದಿ, ಕೊನೆಯಲ್ಲಿ ಮುದಿ ಪೊಲೀಸ್ ಅಧಿಕಾರಿ ಬೆರ್ಲಾಖ್ ಮಾಡಿದ್ದು ನ್ಯಾಯವಾ, ಸೇಡಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ನ್ಯಾಯ ಅಲ್ಲವೇ ಅಲ್ಲ. ಬರೀ ಸೇಡು ಅನ್ನುವುದಕ್ಕೂ ಮನಸ್ಸು ಬರುವುದಿಲ್ಲ. ಅದು ಹಳೇ ಪಂತದ ಹಟ.

ಪಂತ ನೆನಪಿದೆ ಅಲ್ವಾ? ಕಥೆ ನಡೆಯುವುದು 1948ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ಸುತ್ತಮುತ್ತ. ಅದಕ್ಕೂ ನಲವತ್ತು ವರ್ಷ ಹಿಂದೆ ಇಸ್ತಾಂಬುಲ್‌ನ ಒಂದು ಹೆಂಡದಂಗಡಿಯಲ್ಲಿ ಇಬ್ಬರು ಯುವಕರು ವಾದಕ್ಕಿಳಿದಿದ್ದರು. ಎಷ್ಟೇ ಲೆಕ್ಕ ಹಾಕಿದರೂ ಎಲ್ಲೋ ಒಂದು ಆಕಸ್ಮಿಕ ನುಗ್ಗಿ ಅಪರಾಧ ಬಯಲಾಗುತ್ತದೆ ಅಂತ ಬೆರ್ಲಾಖ್. ಬದುಕು ಇಷ್ಟು ಗೋಜಲಾಗಿರುವುದರಿಂದಲೇ ಸಿಕ್ಕಿಬೀಳದೆ ಅಪರಾಧ ಮಾಡಬಹುದು ಅಂತ ಗಾಸ್ಟ್‌ಮಾನ್. ಕೆಲವೇ ದಿನಗಳಲ್ಲಿ ಗಾಸ್ಟ್‌ಮಾನ್ ಒಬ್ಬ ವ್ಯಾಪಾರಿಯನ್ನು ಬೆರ್ಲಾಖ್ ಕಣ್ಣೆದುರೇ ಸೇತುವೆಯಿಂದ ನೀರಿಗೆ ತಳ್ಳಿದ. ವ್ಯಾಪಾರಿ ದಿವಾಳಿಯ ಅಂಚಿನಲ್ಲಿದ್ದ. ಕೋರ್ಟು ಆತ್ಮಹತ್ಯೆ ಅಂದಿತು.

ಈಗ ಅಂತ್ಯ ನೋಡಿ. ಗಾಸ್ಟ್‌ಮಾನ್ ಬೆನ್ನು ಹತ್ತಿದ್ದ ಪೊಲೀಸ್ ಅಧಿಕಾರಿ ಶ್ಮೀಡ್‌ನನ್ನು ಕೊಂದವನು ಸಹೋದ್ಯೋಗಿ ಚಾಂಟ್ಸ್, ಹೊಟ್ಟೆಕಿಚ್ಚಿನಿಂದ. ಬೆರ್ಲಾಖ್‌ಗೆ ಮೊದಲಿನಿಂದಲೇ ಅವನ ಮೇಲೆ ಅನುಮಾನ. ನಾಯಿಯ ದೃಶ್ಯ ಮತ್ತೊಮ್ಮೆ ಓದಿ. ಗಾಸ್ಟ್‌ಮಾನ್ ಮನೆ ಹತ್ತಿರ ದೊಡ್ಡ ನಾಯಿಯೊಂದು ಮುದುಕನ ಮೇಲೆ ಬೀಳುತ್ತದೆ. ಚಾಂಟ್ಸ್ ಗುಂಡು ಹಾರಿಸಿ ಉಳಿಸುತ್ತಾನೆ. ಮನೆಗೆ ಬಂದು ಕೋಟು ಬಿಚ್ಚಿದರೆ, ಮುದುಕನ ಎಡಗೈಗೆ ದಪ್ಪ ಬಟ್ಟೆ ಸುತ್ತಿದೆ! ಅವನ ಹತ್ತಿರವೂ ರಿವಾಲ್ವರ್ ಇದೆ. ಅವನಿಗೆ ಬೇಕಿದ್ದದ್ದು ಚಾಂಟ್ಸ್ ಹಾರಿಸಿದ ಒಂದು ಗುಂಡು, ಶ್ಮೀಡ್‌ನನ್ನು ಕೊಂದ ಗುಂಡಿನ ಜೊತೆ ಹೋಲಿಸಿ ನೋಡುವುದಕ್ಕೆ. ಇಡೀ ಪುಸ್ತಕದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಇದೇ.

ಪುರಾವೆ ಸಿಕ್ಕ ಮೇಲೂ ಚಾಂಟ್ಸ್‌ನನ್ನು ಹಿಡಿದನಾ? ಇಲ್ಲ. ಅವನನ್ನೇ ಗಾಸ್ಟ್‌ಮಾನ್ ಮೇಲೆ ಛೂ ಬಿಟ್ಟ. ಚಾಂಟ್ಸ್ ಹೋಗಿ ಗಾಸ್ಟ್‌ಮಾನ್‌ನನ್ನು ಗುಂಡಿಟ್ಟು ಕೊಂದ. ಮಾಡಿದ ಕೊಲೆಗೆ ಶಿಕ್ಷೆ ಕೊಡಿಸಲಾಗದವನಿಗೆ ಮಾಡದ ಕೊಲೆಗೆ ಕೊಡಿಸಿದ. ಸರ್ಕಾರಿ ಕಡತದಲ್ಲಿ ಗಾಸ್ಟ್‌ಮಾನೇ ಕೊಲೆಗಾರ. ಬೆರ್ಲಾಖ್ ಹೆಸರು ಎಲ್ಲೂ ಇಲ್ಲ. ಅಂದರೆ ಸಿಕ್ಕಿಬೀಳದೆ ಅಪರಾಧ ಮಾಡಬಹುದು ಅನ್ನುವುದನ್ನು ಬೆರ್ಲಾಖೇ ಮಾಡಿ ತೋರಿಸಿದ ಹಾಗಾಯಿತು! ಗಾಸ್ಟ್‌ಮಾನ್ ಸತ್ತ, ಅವನ ವಾದ ಗೆದ್ದಿತು.

ಲೇಖಕರೂ ಮುದುಕನ ಪರ ನಿಂತಿಲ್ಲ ಅನ್ನಿಸುವುದು ಊಟದ ದೃಶ್ಯದಲ್ಲಿ. ಹೊಟ್ಟೆಯ ಕಾಯಿಲೆ, ಆಪರೇಷನ್ ಆದರೂ ಉಳಿಯುವುದು ಒಂದೇ ವರ್ಷ. ಅಂಥವನು ಚಾಂಟ್ಸ್ ಎದುರು ಕೂತು ತಟ್ಟೆ ಮೇಲೆ ತಟ್ಟೆ ಖಾಲಿ ಮಾಡುತ್ತಾ ಒಂದೊಂದೇ ಸತ್ಯ ಬಿಚ್ಚಿಡುತ್ತಾನೆ. ನನಗಂತೂ ಅಲ್ಲಿ ಅವನನ್ನು ಕಂಡರೆ ಭಯವಾಯಿತು. ಆಮೇಲೆ ಚಾಂಟ್ಸ್‌ನನ್ನು ಕೋರ್ಟಿಗೂ ಒಪ್ಪಿಸುವುದಿಲ್ಲ, ಸುಮ್ನೆ ಹೊರಗೆ ಕಳಿಸುತ್ತಾನೆ. ಮಾರನೇ ದಿನ ಚಾಂಟ್ಸ್ ಕಾರು ರೈಲಿಗೆ ಸಿಕ್ಕಿರುತ್ತದೆ.

ಇದು 1950-51ರಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದದ್ದು, ಹಾಗಾಗಿ ಓಟ ಜೋರು. ಇದೇ ಲೇಖಕರ 1958ರ 'ದ ಪ್ಲೆಡ್ಜ್' ನಿಧಾನ, ಆದರೆ ಆಕಸ್ಮಿಕದ ವಿಷಯದಲ್ಲಿ ಇದಕ್ಕಿಂತ ಕ್ರೂರ. ಅದರ ಅಂತ್ಯ ಮಾತ್ರ ಮೊದಲೇ ಯಾರನ್ನೂ ಕೇಳಬೇಡಿ.