ಇಂಗ್ಲಿಷಿನ ‘ಮಿಸ್’ ಕ್ರಿಯಾಪದದ ಅರ್ಥವೇನು?

‘ಬಸ್ ಮಿಸ್ ಆಯಿತು’, ‘ಅಮ್ಮನನ್ನು ಮಿಸ್ ಮಾಡಿಕೊಳ್ಳುತ್ತಿದ್ದೇನೆ’: ಎರಡರಲ್ಲೂ ಇರುವುದು ಒಂದೇ ಕ್ರಿಯಾಪದವೇ ಎಂದು ಕೇಳಿದ್ದೀರಿ. ಹೌದು, ಒಂದೇ. ಗುರಿ ತಪ್ಪುವುದು ಅದರ ಹಳೆಯ ಅರ್ಥ.

ಮೆಜೆಸ್ಟಿಕ್‌ನಲ್ಲಿ ಕಣ್ಣೆದುರೇ ಬಸ್ ಹೊರಟುಹೋದರೆ ಇಂಗ್ಲಿಷಿನಲ್ಲಿ ‘ಐ ಮಿಸ್ಡ್ ದ ಬಸ್’. ಅಲ್ಲಿ ಕರ್ತೃ ನಾನು. ಕನ್ನಡದಲ್ಲಿ ‘ನನಗೆ ಬಸ್ ತಪ್ಪಿತು’. ಇಲ್ಲಿ ಕರ್ತೃ ಬಸ್ಸೇ! ಈ ವ್ಯತ್ಯಾಸ ನನಗೆ ಬಹಳ ಇಷ್ಟ. ಇದರಿಂದಲೇ ನಮ್ಮ ಮಕ್ಕಳು ‘ದ ಬಸ್ ಮಿಸ್ಡ್’ ಎಂದು ಬರೆದುಬಿಡುತ್ತಾರೆ, ಅದು ತಪ್ಪು.

ಅಮ್ಮನ ವಿಷಯದಲ್ಲಿ ಮಾತ್ರ, ಒಬ್ಬರು ಜೊತೆಗಿಲ್ಲದಿರುವುದು ಮನಸ್ಸಿಗೆ ತಟ್ಟುವುದು ಎಂದರ್ಥ. ಅದಕ್ಕೆ ‘ಅಮ್ಮನ ನೆನಪು ಕಾಡುತ್ತಿದೆ’, ‘ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ’ ಎಂಬ ಚೆಲುವಾದ ಮಾತುಗಳು ನಮ್ಮಲ್ಲಿವೆ. ಮನೆಗೆ ಫೋನ್ ಮಾಡಿದಾಗ ದಯವಿಟ್ಟು ಅವನ್ನೇ ಬಳಸಿ.